ಬೆಸುಗೆ ಹಿಡಿಯುತ್ತಿಲ್ವಾ? ಮೊದಲು ಲೋಹ ಕಾಯಿಸಿ

ನಮ್ಮ ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಒಂದು ಮಾತು. ಸೋಲ್ಡರನ್ನು (ಬೆಸೆಯಲು ಕರಗಿಸುವ ಮಿಶ್ರಲೋಹ) ಸೋಲ್ಡರಿಂಗ್ ಐರನ್, ಅಂದರೆ ಬೆಸುಗೆಗೆ ಕಾಯಿಸುವ ಸಾಧನದ ತುದಿಯಲ್ಲಿ ಕರಗಿಸಿ ಲೋಹದ ಮೇಲೆ ಸುರಿಯಬೇಡಿ. ಲೋಹ ತಣ್ಣಗಿದ್ದರೆ ಅದು ಸುಮ್ನೆ ಗುಂಡಾಗಿ ಕೂರುತ್ತದೆ, ಆಮೇಲೆ ಕಿತ್ತು ಬರುತ್ತದೆ. ತಾಮ್ರ, ಹಿತ್ತಾಳೆಯನ್ನು ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಬಳಸುವ ಪದಾರ್ಥ) ಹಚ್ಚಿ. ಎರಡೂ ತುಂಡುಗಳನ್ನು ಒಟ್ಟಿಗೆ ಕಾಯಿಸಿ, ಸೋಲ್ಡರ್ ತಂತಿಯನ್ನು ಲೋಹಕ್ಕೇ ಮುಟ್ಟಿಸಿ. 60/40 ಸೋಲ್ಡರ್ (60 ಭಾಗ ತವರ, 40 ಭಾಗ ಸೀಸ) ಸುಮಾರು 190 ಡಿಗ್ರಿಗೆ ಪೂರ್ತಿ ಕರಗಿ ತಾನೇ ಸಂದಿಯೊಳಗೆ ಹರಿಯುತ್ತದೆ. ಆರುವ ತನಕ ಅಲುಗಾಡಿಸಬಾರದು.

ವೈರಿಂಗ್‌ಗೆ ರಾಳದ ಫ್ಲಕ್ಸ್ ಮಾತ್ರ ಬಳಸಿ; ಆಸಿಡ್ ಫ್ಲಕ್ಸ್ ಉಳಿದರೆ ತಾಮ್ರವನ್ನೇ ತಿನ್ನುತ್ತದೆ. ಅಲ್ಯೂಮಿನಿಯಂಗೆ ಈ ಮಾಮೂಲಿ ಸೋಲ್ಡರ್ ಹತ್ತುವುದಿಲ್ಲ. ಕುಡಿಯುವ ನೀರಿನ ಪಾತ್ರೆಗೆ ಸೀಸದ ಬೆಸುಗೆ ಖಂಡಿತ ಬೇಡ.