ಕೊಡಗಿನ ತರಗತಿಗೆ ಕಡಲು ತರುವುದು ಹೇಗೆ?

ಕೊಡಗಿಗೆ ಕಡಲತೀರವಿಲ್ಲ, ನಿಜ. ಆದರೆ ಇಲ್ಲಿ ಬಿದ್ದ ಮಳೆ ಎರಡು ಕಡಲು ಸೇರುತ್ತದೆ. ಪಾಠ ಅಲ್ಲಿಂದಲೇ ಶುರುವಾಗಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಿಲ್ಲೆಯ ನಕ್ಷೆ ಬರೆಸಿ. ನೀಲಿ ದಾರದಲ್ಲಿ ಕಾವೇರಿಯನ್ನು ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಗೆ ಮುಟ್ಟಿಸಿ. ಇನ್ನೊಂದು ದಾರ ಬರಪೊಳೆ ನದಿಯಿಂದ ಕೇರಳದ ವಳಪಟ್ಟಣಂ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗಲಿ.

ಮುಂದಿನದಕ್ಕೆ ಸಂತೆಯಿಂದ ಬಂಗುಡೆ ತನ್ನಿ. ನಾಲ್ಕೈದು ಮಕ್ಕಳಿಗೆ ಒಂದು ಸಾಕು. ಮೊದಲು ಸುಮ್ನೆ ನೋಡಲಿ. ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿ ಬಣ್ಣ. ಯಾಕೆ ಹೀಗೆ? ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ನೀರಿನಂತೆ ಕಾಣುತ್ತದೆ. ಕೆಳಗಿನಿಂದ ಬರುವ ದೊಡ್ಡ ಮೀನಿಗೆ ಹೊಟ್ಟೆ ಬೆಳಕಿನಲ್ಲಿ ಕರಗಿಹೋಗುತ್ತದೆ. ಉತ್ತರವನ್ನು ನೀವೇ ಹೇಳಿಬಿಡಬೇಡಿ. ಆಮೇಲೆ ಬಾಯಿ ಅಗಲಿಸಿ, ಕಿವಿರಿನ ಮುಚ್ಚಳ ಎತ್ತಿ ಒಳಗೆ ನೋಡಿಸಿ. ಪುಕ್ಕದಂತಹ ಉದ್ದನೆಯ ಎಳೆಗಳು ಕಾಣುತ್ತವೆ. ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿಕೊಳ್ಳುವ ಜರಡಿ ಅದು.

ಈಗ ಮೀನಿನ ಅಚ್ಚು. ಉಪ್ಪು ಹಚ್ಚಿ ಉಜ್ಜಿ ಲೋಳೆ ತೊಳೆಯಿರಿ. ಚೆನ್ನಾಗಿ ಒರೆಸಿ. ತೇವ ಉಳಿದರೆ ಬಣ್ಣ ಹರಡಿಬಿಡುತ್ತದೆ. ಪೋಸ್ಟರ್ ಬಣ್ಣವನ್ನು ತೆಳ್ಳಗೆ ಬಳಿದು, ತೆಳು ಕಾಗದ ಹೊದಿಸಿ, ನಡುವಿನಿಂದ ಅಂಚಿನ ಕಡೆಗೆ ಬೆರಳಾಡಿಸಿ. ಕಣ್ಣಿಗೆ ಬಣ್ಣ ಬೇಡ, ಅದನ್ನು ಆಮೇಲೆ ಬಿಡಿಸಬಹುದು. ಮೀನು ಮುಟ್ಟಲು ಇಷ್ಟವಿಲ್ಲದ ಮಕ್ಕಳನ್ನು ಒತ್ತಾಯಿಸಬೇಡಿ, ಅವರು ಚಿತ್ರ ಬಿಡಿಸಲಿ. ಬಣ್ಣ ಹಚ್ಚಿದ ಬಂಗುಡೆ ಸಾರಿಗೆ ಹೋಗಬಾರದು, ಅಷ್ಟೇ!

ದೋಣಿಗೆ ಅಲ್ಯುಮಿನಿಯಂ ಫಾಯಿಲ್ ಸಾಕು, ಎಲ್ಲರಿಗೂ 15 ಸೆಂ.ಮೀ. ಚೌಕ. ಸರಕು ಕಾಫಿ ಬೀಜ. ಬೀಜವನ್ನು ಒಂದೇ ಕಡೆ ಸುರಿದರೆ ದೋಣಿ ಮಗುಚುತ್ತದೆ, ಹರಡಿದರೆ ಜಾಸ್ತಿ ಹೊರುತ್ತದೆ. ಮಂಗಳೂರು ಬಂದರಿನಲ್ಲಿ ನಮ್ಮ ಕಾಫಿ ತುಂಬುವವರಿಗೂ ಇದೇ ಲೆಕ್ಕ ಅಲ್ವಾ?

ನನಗೆ ಇಷ್ಟವಾದದ್ದು ಕೊನೆಯದು. ಅರಬ್ಬಿ ಸಮುದ್ರದ ಹಳೆಯ ನಾವಿಕರ ಬಳಿ ಕಮಾಲ್ ಇರುತ್ತಿತ್ತು: ಒಂದು ಮರದ ಹಲಗೆ, ಗಂಟು ಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿದರೆ, ಕೆಳಂಚು ನೀರಿನ ಗೆರೆಗೆ, ಮೇಲಂಚು ಧ್ರುವ ನಕ್ಷತ್ರಕ್ಕೆ ತಾಗಬೇಕು. ಒಂದೊಂದು ಊರಿಗೆ ಒಂದೊಂದು ಗಂಟು. ಹೋಗಬೇಕಾದ ಊರಿನ ಗಂಟನ್ನು ಕಚ್ಚಿದಾಗ ಹಲಗೆ ಸರಿಯಾಗಿ ಕೂತರೆ, ಆ ಊರಿನ ಅಕ್ಷಾಂಶ ಬಂತು ಎಂದು ಗೊತ್ತಾಗುತ್ತಿತ್ತು.

ಕೊಡಗಿನಲ್ಲಿ ಕಮಾಲ್ ನಡೆಯುವುದಿಲ್ಲ. ಸುತ್ತ ಬೆಟ್ಟ, ಸಮನಾದ ಗೆರೆಯೇ ಇಲ್ಲ. ಹಾಗಾಗಿ ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ತುದಿಗೆ ಕಲ್ಲು ತೂಗಿಬಿಡಿ. ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ, ಉತ್ತರಕ್ಕೆ ಬೆಟ್ಟ ಅಡ್ಡವಿಲ್ಲದ ಜಾಗದಲ್ಲಿ ದೊಡ್ಡವರ ಜೊತೆ ನಿಂತು, ಸಪ್ತರ್ಷಿ ಮಂಡಲದ ಮೊದಲ ಎರಡು ನಕ್ಷತ್ರಗಳ ಜಾಡಿನಲ್ಲಿ ಧ್ರುವವನ್ನು ಹುಡುಕಲಿ. ಮಾಪಕದ ನೇರ ಅಂಚಿನಗುಂಟ ಅದನ್ನು ನೋಡುವಾಗ, ದಾರ 90ರಿಂದ ಎಷ್ಟು ಸರಿದಿದೆ ಎಂದು ಜೊತೆಯವರು ಓದಲಿ. ಧ್ರುವದ ಆ ಎತ್ತರವೇ ಹೆಚ್ಚುಕಡಿಮೆ ಊರಿನ ಅಕ್ಷಾಂಶ. ಮಡಿಕೇರಿಯಲ್ಲಿ ಸುಮಾರು 12.4 ಡಿಗ್ರಿ ಬರಬೇಕು. ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಹಾಗಾಗಿ 13.4 ಓದಿದ ತಂಡದ ದೋಣಿ ಉಡುಪಿಯ ಕಡೆ ಹೋಗಿದೆ, 11.4 ಓದಿದವರದು ಕೋಯಿಕ್ಕೋಡ್ ಕಡೆ.