ಮಗುವಿನ ಮಾತು ತಡವಾದಾಗ ಮೊದಲು ಮಾಡಬೇಕಾದದ್ದು

“ನಮ್ಮ ಮನೆತನದಾಗ ಗಂಡುಹುಡುಗ್ರು ತಡಾ ಮಾಡೇ ಮಾತಾಡ್ತಾರ, ಇವರಪ್ಪನೂ ಹಂಗ ಇದ್ದ” ಎಂಬುದು ವಿಜಯಪುರ ಜಿಲ್ಲೆಯ ಮನೆಗಳಲ್ಲಿ ಹೊಸ ಮಾತಲ್ಲ. ಆಯಿ ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದೂ ಮೊಮ್ಮಗನ ಒಳಿತಿಗೆಂದೇ. ಆದರೆ ಒಂದು ವರ್ಷ ತುಂಬಿದರೂ ಹೆಸರು ಕರೆದಾಗ ಮಗು ತಿರುಗಿ ನೋಡದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಅಥವಾ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಆಡದಿದ್ದರೆ ಕಾಯುತ್ತ ಕೂರಬಾರದು. ಬಂದಿದ್ದ ಮಾತು ನಿಂತುಹೋದರಂತೂ, ವಯಸ್ಸು ಎಷ್ಟೇ ಇರಲಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೆಲವು ಮಕ್ಕಳು ತಾವಾಗಿಯೇ ಸರಿಹೋಗುವುದು ನಿಜವಾದರೂ, ಯಾವ ಮಗು ಹಾಗೆ ಸರಿಹೋದೀತು ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲು ಯಾರಿಂದಲೂ ಆಗದು.

ಮೊದಲ ಪರೀಕ್ಷೆ ಕಿವಿಯದ್ದಾಗಬೇಕು. ಕುಕ್ಕರ್ ಸೀಟಿಗೆ ಬೆಚ್ಚಿಬೀಳುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು; ಆದ್ದರಿಂದ ‘ಇವನಿಗೆ ಚೆನ್ನಾಗಿ ಕೇಳಿಸುತ್ತದೆ’ ಎಂಬ ಮನೆಯವರ ಮಾತನ್ನೇ ನಂಬದೆ, ಮಗು ಮಲಗಿದ್ದಾಗ ಕಿವಿ ಎಷ್ಟು ಕೇಳಿಸುತ್ತದೆಂದು ಯಂತ್ರದಿಂದ ಅಳೆಯುವ ಬೇರಾ (BERA) ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಆ ಭೇಟಿಗಾಗಿ ಕಾಯಬೇಕಾಗಿಲ್ಲ. ಆಶಾ ಕಾರ್ಯಕರ್ತೆಯ ಮೂಲಕವೋ ನೇರವಾಗಿಯೋ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ, ಬೆಳವಣಿಗೆ ತಡವಾದ ಮಕ್ಕಳಿಗೆ ಬೇಗನೆ ನೆರವು ಕೊಡುವ, ಡಿಇಐಸಿ ಎಂದು ಕರೆಯುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿಕೊಡುವಂತೆ ಕೇಳಿ. ತಾಯಿ ಕಾರ್ಡ್ ಮತ್ತು ಹೆರಿಗೆಯ ಕಾಗದಗಳ ಜೊತೆಗೆ ಮಗು ಆಡುವ, ಉಣ್ಣುವ, ಕರೆದರೆ ಓಗೊಡುವ ಅಥವಾ ಓಗೊಡದ ಎರಡು ನಿಮಿಷದ ವಿಡಿಯೋಗಳನ್ನು ಮೊಬೈಲಿನಲ್ಲಿ ಒಯ್ಯಿರಿ, ಏಕೆಂದರೆ ಆಸ್ಪತ್ರೆಯ ಗದ್ದಲದಲ್ಲಿ ಅಳುವ ಮಗು ಮನೆಯಲ್ಲಿ ಹೇಗಿರುತ್ತದೆ ಎಂಬುದು ವೈದ್ಯರಿಗೆ ಕಾಣುವುದಿಲ್ಲ.

ಮಾತು ತಡವಾಗಲು ಆಟಿಸಂ, ಅಂದರೆ ಇತರರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ, ಒಂದು ಕಾರಣವಿರಬಹುದು. ಅದು ಹೌದೋ ಅಲ್ಲವೋ ಎಂಬುದು ತೀರ್ಮಾನವಾಗಲು ತಿಂಗಳುಗಳೇ ಹಿಡಿಯಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ತೊಂದರೆಗೆ ಹೆಸರು ಸಿಗುವ ಮುನ್ನವೇ ಕಲಿಕೆ ಶುರುವಾಗಬೇಕು. ಅದಕ್ಕೆ ದುಬಾರಿ ಆಟಿಕೆ ಬೇಡ. ರೊಟ್ಟಿ ಬಡಿಯುವ ಹೊತ್ತಿಗೆ ಮಗು ಬಂದು ಅವ್ವನ ಕೈ ಹಿಡಿದು ಪರಾತದತ್ತ ಎಳೆಯುತ್ತದೆ ಎಂದುಕೊಳ್ಳಿ. ಕೂಡಲೇ ಹಿಟ್ಟು ಕೊಡಬೇಡಿ. ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ, ಸಣ್ಣ ಉಂಡೆಯನ್ನು ನಿಮ್ಮ ಮುಖದ ಬಳಿ ಹಿಡಿದು, “ಹಿಟ್ಟು” ಎಂದು ಒಂದೇ ಪದ ಹೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗು ನೋಡಿದರೂ ಸಾಕು, ಕೈ ಚಾಚಿದರೂ ಸಾಕು, “ಹಿ” ಎಂದರೂ ಸಾಕು, ಆ ಕ್ಷಣವೇ ಉಂಡೆ ಅದರ ಕೈಗೆ ಬರಬೇಕು. ಏನೂ ಮಾಡದಿದ್ದರೂ ಕೊಟ್ಟುಬಿಡಿ. ಅಳಿಸಿ ಮಾತು ಹೊರಡಿಸುವುದು ಕಲಿಸುವ ದಾರಿಯಲ್ಲ. ಸ್ನಾನದ ನೀರು, ಚಪ್ಪಲಿ, ಬಾಗಿಲು, ಕರು, ಹೀಗೆ ದಿನಕ್ಕೆ ಹತ್ತಾರು ಸಲ ಈ ಅವಕಾಶ ತಾನಾಗಿ ಬರುತ್ತದೆ. ಮಾತು ಕಲಿಸುವ ಥೆರಪಿಸ್ಟ್ ಬಳಿ ವಾರಕ್ಕೊಮ್ಮೆ ಕಲಿತದ್ದು ಮನೆಯಲ್ಲಿ ಹೀಗೆ ಮುಂದುವರಿದಾಗಲೇ ಮಗುವಿಗೆ ದಕ್ಕುತ್ತದೆ.

ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಇವೆ. ಎರಡು ಭಾಷೆಗಳಿಂದ ಮಾತು ತಡವಾಗುವುದಿಲ್ಲ. ಅಜ್ಜಿಯ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ. ಮೊಬೈಲು ಆಟಿಸಂ ತರುವುದಿಲ್ಲವಾದರೂ ಮಾತಾಡುವ ಹೊತ್ತನ್ನು ಕಸಿದುಕೊಳ್ಳುತ್ತದೆ. ತಾಯಿಯ ಸಾಕಣೆಯಾಗಲಿ ಲಸಿಕೆಯಾಗಲಿ ಇದಕ್ಕೆ ಕಾರಣವಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಮನಗಾಣಿಸುವ ಹೊಣೆಯನ್ನು ತಂದೆ ಹೊರಬೇಕು.

ಆಟಿಸಂ ಎಂದು ಖಚಿತವಾದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಇದೂ ಸೇರಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ನಡೆಸುವ, 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯಲ್ಲಿ ಥೆರಪಿಯ ವೆಚ್ಚಕ್ಕೂ ಅವಕಾಶವಿದೆ. ಈ ನಡುವೆ ಮಗುವನ್ನು ಅಂಗನವಾಡಿ ಬಿಡಿಸಬೇಡಿ. ಒಂದು ನೋಟುಬುಕ್ಕಿನಲ್ಲಿ ಹೊಸ ಪದ, ಹೊಸ ಸನ್ನೆ ಬಂದ ದಿನವನ್ನು ಬರೆದಿಟ್ಟು, ಮುಂದಿನ ಭೇಟಿಯಲ್ಲಿ ಅದನ್ನೇ ವೈದ್ಯರ ಮುಂದೆ ಇಡಿ.