ಓಟಿಪಿ ಹೇಳದಿದ್ದರೂ ದುಡ್ಡು ಹೋಗುತ್ತೆ

ಅರಸೀಕೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್, ಇವೇ ದಿನದ ಕೆಲಸ. ಈಚೆಗೆ ಇನ್ನೊಂದು ಸೇರಿಕೊಂಡಿದೆ. "ಯಾರಿಗೂ ಓಟಿಪಿ ಹೇಳಿಲ್ಲ ಕಣಪ್ಪಾ, ಆದ್ರೂ ದುಡ್ಡು ಹೋಗಿದೆ" ಅಂತ ಫೋನ್ ಹಿಡಿದುಕೊಂಡು ಬರುತ್ತಾರೆ. ಅವರ ಮಾತು ನಿಜ. ಈ ಥರದ ಕಳ್ಳರು ಓಟಿಪಿ ಕೇಳುವುದೇ ಇಲ್ಲ.

ಕೊಬ್ಬರಿ ವ್ಯಾಪಾರ ಮಾಡುವ ಒಬ್ಬ ಯಜಮಾನರ ಫೋನಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಪರಿಚಯದವರ ನಂಬರಿನಿಂದಲೇ ವಾಟ್ಸಾಪ್‌ಗೆ ಮದುವೆ ಕಾಗದ ಬಂದಿತ್ತು. ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಬದಲು ಎಪಿಕೆ ಅಂತಿತ್ತು. ಅಂದರೆ ಅದು ಕಾಗದವೇ ಅಲ್ಲ, ಒಂದು ಆಪ್. ಒತ್ತಿದ್ದಾರೆ. ಅದು ಕೇಳಿದ್ದಕ್ಕೆಲ್ಲ 'ಅಲೋ' ಕೊಟ್ಟಿದ್ದಾರೆ. ಏನೂ ಕಾಣಿಸದಿದ್ದಾಗ ಸುಮ್ಮನಾಗಿದ್ದಾರೆ. ಅಷ್ಟರಲ್ಲಿ ಎಸ್ಸೆಮ್ಮೆಸ್ ಓದುವ ಪರ್ಮಿಷನ್ ಅದಕ್ಕೆ ಸಿಕ್ಕಾಗಿತ್ತು. ಬ್ಯಾಂಕ್ ಕಳಿಸಿದ ಓಟಿಪಿ ಯಜಮಾನರ ಕಣ್ಣಿಗೆ ಬೀಳುವ ಮೊದಲೇ ಕಳ್ಳರಿಗೆ ತಲುಪುತ್ತಿತ್ತು. ವಾಟ್ಸಾಪ್ ಓಟಿಪಿಯೂ ಹಾಗೇ ಹೋಗಿ, ಅವರ ವಾಟ್ಸಾಪ್ ಕಳ್ಳರ ಕೈ ಸೇರಿತು. ಆಮೇಲೆ ಅದೇ ಮದುವೆ ಕಾಗದ ಇವರ ಹೆಸರಿನಲ್ಲಿ ನೆಂಟರಿಗೆಲ್ಲ ಹೋಗಿದೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆಗಳೂ ಇದೇ ಜಾತಿಯವು.

ಬಂದವರೆಲ್ಲ "ಮೊದಲು ಫೋನ್ ಕ್ಲೀನ್ ಮಾಡಿಕೊಡು" ಅಂತಾರೆ. ನಾನು ಮಾಡುವುದಿಲ್ಲ. ಮೊದಲು ಫ್ಲೈಟ್ ಮೋಡ್, ವೈಫೈ ಕೂಡ ಆಫ್. ತಕ್ಷಣ ನನ್ನ ಫೋನಿನಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ. ಕದ್ದ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತಿರುತ್ತದೆ. ಯಾರಾದರೂ ಎಟಿಎಮ್ಮಿನಲ್ಲಿ ತೆಗೆಯುವ ಮೊದಲು ಸಿಕ್ಕರೆ ತಡೆಹಿಡಿಯಬಹುದು. ಇನ್ನೊಂದು ಲೆಕ್ಕವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ಕರೆ ಮಾಡಿದ ಹೊತ್ತನ್ನೂ ದೂರಿನ ನಂಬರನ್ನೂ ಬರೆಸುತ್ತೇನೆ.

ಫೋನಿನ ಸರದಿ ಆಮೇಲೆ. ಇಂಥ ಆಪ್‌ಗೆ ಎಷ್ಟೋ ಸಲ ಐಕಾನ್ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಹುಡುಕಬೇಕು. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಆಗಿ, ಅಂದರೆ ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದು ಕೂತಿರಬಹುದು. ಆಪ್‌ನ ಹೆಸರು, ಬಂದ ಮೆಸೇಜು, ಕಳಿಸಿದ ನಂಬರು ಎಲ್ಲದರ ಫೋಟೋ ಬೇರೆ ಫೋನಿನಲ್ಲಿ ತೆಗೆದುಕೊಳ್ಳುತ್ತೇನೆ, ಪೊಲೀಸರಿಗೆ ಬೇಕಾಗುತ್ತದೆ. ಬರೀ ಆಪ್ ತೆಗೆದರೆ ನನಗೆ ಸಮಾಧಾನ ಇಲ್ಲ, ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ಟೇ ಮಾಡುತ್ತೇನೆ. ಪಾಸ್‌ವರ್ಡ್, ಪಿನ್ ಬದಲಾಯಿಸುವುದು ರೀಸೆಟ್ ಆದಮೇಲೆ ಅಥವಾ ಬೇರೆ ಫೋನಿನಲ್ಲಿ. ಕಳ್ಳ ಒಳಗಿರುವಾಗ ಹೊಸ ಪಿನ್ ಒತ್ತಿ ಏನು ಬಂತು, ಅಲ್ವಾ?

"ಆಂಟಿವೈರಸ್ ಹಾಕಿಬಿಡು" ಅನ್ನುವವರು ಜಾಸ್ತಿ. ದುಡ್ಡು ಕೊಟ್ಟು ತಗೊಳ್ಳೋ ಅಗತ್ಯ ನನಗಂತೂ ಕಂಡಿಲ್ಲ. ಕೆಟ್ಟ ಆಪ್‌ಗಳನ್ನು ಹುಡುಕುವ ಪ್ಲೇ ಪ್ರೊಟೆಕ್ಟ್ ಪ್ಲೇ ಸ್ಟೋರಿನಲ್ಲೇ ಇದೆ, ಅದು ಆನ್ ಇದೆಯಾ ನೋಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಅಂತ ಇದೆ, ಪ್ಲೇ ಸ್ಟೋರಿನ ಹೊರಗಿನ ಆಪ್ ಹಾಕಲು ಬಿಡುವ ಅನುಮತಿ ಅದು. ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರನ್ನೂ ಆಫ್ ಮಾಡುತ್ತೇನೆ. ವಾಟ್ಸಾಪ್‌ಗೆ ಟೂ ಸ್ಟೆಪ್ ಪಿನ್ ಹಾಕಿಸುತ್ತೇನೆ. ಓಟಿಪಿ ಕದ್ದರೂ ಆ ಪಿನ್ ಕಳ್ಳನ ಬಳಿ ಇರುವುದಿಲ್ಲ. ದೊಡ್ಡ ಮೊತ್ತ ಇರುವ ಖಾತೆಗೆ ಯುಪಿಐ, ನೆಟ್ ಬ್ಯಾಂಕಿಂಗ್ ಎರಡೂ ಬೇಡ ಅನ್ನುವುದು ನನ್ನ ಹಟ.

ಈಗ ಟೆಂಪರ್ಡ್ ಗ್ಲಾಸ್ ಹಾಕಿಸಲು ಬಂದವರಿಗೂ ಕೇಳಿ ಇಷ್ಟು ಮಾಡಿಕೊಡುತ್ತೇನೆ, ಅದಕ್ಕೆ ಕಾಸು ತಗೊಳ್ಳಲ್ಲ. ಪಿನ್ ಮಾತ್ರ ಅವರೇ ಒತ್ತಬೇಕು. ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ.